ಮೈನರ್ ಯಾವುದು ತೆಗೆದುಕೊಳ್ಳಲಿ? ಕರಾವಳಿಯ ಕಾಲೇಜು ಮಕ್ಕಳಿಗೊಂದು ಮಾರ್ಗದರ್ಶಿ

ಎರಡನೇ ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂತು ಅಂದರೆ ಹಂಪನಕಟ್ಟೆಯಿಂದ ಮಣಿಪಾಲದವರೆಗೆ ಕಾಲೇಜು ಮಕ್ಕಳ ಬಾಯಲ್ಲಿ ಒಂದೇ ಪ್ರಶ್ನೆ. ಮೈನರ್ (ಅಂದರೆ ಮುಖ್ಯ ವಿಷಯವಾದ ಮೇಜರ್ ಜೊತೆಗೆ ಓದುವ ಎರಡನೇ ವಿಷಯ) ಯಾವುದು ತೆಗೆದುಕೊಳ್ಳುವುದು ಮಾರಾಯ್ರೆ? ಸಿಗುವ ಉತ್ತರವೂ ಒಂದೇ: 'ಯಾವುದಕ್ಕೆ ಸ್ಕೋಪ್ ಉಂಟೋ ಅದು.' ಈ ಸ್ಕೋಪ್ ಎಂಬುದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ, ಆದರೂ ಪ್ರತಿ ಮನೆಯ ದೊಡ್ಡಪ್ಪನಿಗೆ ಅದರ ಗುರುತು ಚೆನ್ನಾಗಿದೆ.

ನಾನು ಹೇಳುವುದು ಇಷ್ಟು. ಮೈನರ್‌ನ ಹೆಸರು ನೋಡಿ ಆರಿಸಬೇಡಿ. ಅದರೊಳಗೆ ಯಾವ ಯಾವ ಪೇಪರ್ ಇದೆ ಅಂತ ಪಟ್ಟಿ ತೆಗೆಯಿರಿ, ಆ ಪೇಪರ್‌ಗಳಿಗೆ ನಿಮ್ಮ ವಾರದಲ್ಲಿ ಜಾಗ ಇದೆಯಾ ನೋಡಿ, ಆಮೇಲೆ ಆರಿಸಿ. ಡೇಟಾ ಸೈನ್ಸ್ ಅಂತ ಬೋರ್ಡಿನಲ್ಲಿ ಬರೆದರೆ ಚಂದ ಕಾಣುತ್ತದೆ, ಆದರೆ ಸೋಮವಾರ ಬೆಳಿಗ್ಗೆ ನೀವು ಕೂತು ಓದಬೇಕಾದದ್ದು ಪ್ರಾಬಬಿಲಿಟಿ, ಮ್ಯಾಟ್ರಿಕ್ಸ್ ಮತ್ತು ಓಡದೆ ಹಟ ಹಿಡಿದ ಪೈಥಾನ್ ಕೋಡ್.

ಮೊದಲು: ನೀವು ಯಾವ ನಿಯಮದ ಕೆಳಗೆ ಇದ್ದೀರಿ?

ಇದನ್ನು ನೋಡದೆ ಮುಂದೆ ಹೋದರೆ ಉಳಿದ ಕೆಲಸವೆಲ್ಲ ಸುಮ್ನೆ. ಯಾಕೆಂದರೆ ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಒಂದೇ ಹೊತ್ತಿಗೆ ಮೂರು ನಾಲ್ಕು ಬಗೆಯ ವ್ಯವಸ್ಥೆ ನಡೆಯುತ್ತಿದೆ. ಪಕ್ಕದ ಮನೆಯ ಹುಡುಗ ಹೇಳಿದ ನಿಯಮ ಅವನ ಕಾಲೇಜಿಗೆ ಸರಿ ಇರಬಹುದು, ನಿಮ್ಮದಕ್ಕೆ ಸಂಬಂಧವೇ ಇಲ್ಲದೆ ಇರಬಹುದು.

ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಕೆಳಗೆ ಬರುವ ಕಾಲೇಜಿನಲ್ಲಿ ಬಿಎ, ಬಿಎಸ್ಸಿ, ಬಿಕಾಂ ಮಾಡುತ್ತಿದ್ದೀರಾ? ಹಾಗಾದರೆ ನಿಮಗೆ ಅನ್ವಯಿಸುವುದು ರಾಜ್ಯ ಸರ್ಕಾರದ ಆದೇಶ. ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಿತು, ಆಗ ಮೇಜರ್, ಮೈನರ್, ನಾಲ್ಕು ವರ್ಷದ ಆನರ್ಸ್ ಎಲ್ಲ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ. ಬಿಎ, ಬಿಎಸ್ಸಿಯಲ್ಲಿ ಹಳೇ ಕಾಲದ ಹಾಗೆ ಮೂರು ವಿಷಯದ ಕಾಂಬಿನೇಷನ್ ವಾಪಸ್ ಬಂತು. ಅಂದರೆ 2024 ಅಥವಾ ಆಮೇಲೆ ಸೇರಿದವರಿಗೆ ಮೈನರ್ ಎಂಬ ಹೆಸರಿನ ಪೆಟ್ಟಿಗೆ ಇಲ್ಲದೆ ಇರಬಹುದು. ಆದರೆ ಆಯ್ಕೆ ಇದ್ದೇ ಇದೆ. ಕಾಂಬಿನೇಷನ್‌ನ ಮೂರನೇ ವಿಷಯ ಯಾವುದು, ಮುಂದಿನ ಸೆಮಿಸ್ಟರ್‌ಗಳ ಎಲೆಕ್ಟಿವ್ (ನಾವೇ ಆರಿಸಿಕೊಳ್ಳುವ ಪೇಪರ್) ಯಾವುದು ಎಂಬ ಪ್ರಶ್ನೆಗೂ ಈ ಲೇಖನದ ಎಲ್ಲ ಮಾತೂ ಹೊಂದುತ್ತದೆ. ಒಂದು ವ್ಯತ್ಯಾಸ ಮಾತ್ರ ನೆನಪಿಡಿ: ಕಾಂಬಿನೇಷನ್ ಆರಿಸುವುದು ಸೇರುವ ದಿನವೇ, ಯೋಚಿಸಲು ಒಂದು ವರ್ಷ ಸಿಗುವುದಿಲ್ಲ.

ಡೀಮ್ಡ್ ವಿಶ್ವವಿದ್ಯಾಲಯದಲ್ಲಿ ಇದ್ದರೆ ಕಥೆ ಬೇರೆ. ಮಣಿಪಾಲದ ಮಾಹೆ, ನಿಟ್ಟೆ, ಯೇನೆಪೋಯ, 2024ರಲ್ಲಿ ಡೀಮ್ಡ್ ಆದ ಸೇಂಟ್ ಅಲೋಶಿಯಸ್, ಇವೆಲ್ಲ ತಮ್ಮ ಪಠ್ಯಕ್ರಮವನ್ನು ತಾವೇ ರೂಪಿಸುತ್ತವೆ. ವಿಶ್ವವಿದ್ಯಾಲಯಗಳ ಮೇಲಿನ ಕೇಂದ್ರ ಆಯೋಗವಾದ ಯುಜಿಸಿ 2022ರ ಡಿಸೆಂಬರ್‌ನಲ್ಲಿ ಕೊಟ್ಟ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ (ಪಾಠದ ಗಂಟೆ ಅಳೆಯುವ ಲೆಕ್ಕ, ವಿವರ ಮುಂದೆ ಇದೆ), ಅದರಲ್ಲಿ ಮೇಜರ್‌ಗೆ 60, ಮೈನರ್‌ಗೆ 24. ನಾಲ್ಕು ವರ್ಷ ಓದಿದರೆ ಒಟ್ಟು 160, ಮೇಜರ್‌ಗೆ 80, ಮೈನರ್‌ಗೆ 32. ಎರಡನೇ ಸೆಮಿಸ್ಟರ್ ಕೊನೆಯಲ್ಲಿ ಮೈನರ್ ಯಾವುದೆಂದು ಹೇಳಬಹುದು ಅಂತಲೂ ಆ ಚೌಕಟ್ಟಿನಲ್ಲಿ ಇದೆ. ಇದು ಚೌಕಟ್ಟು ಮಾತ್ರ, ಕಿಟಕಿ ಬಾಗಿಲು ಎಲ್ಲಿ ಇಡಬೇಕೆಂದು ತೀರ್ಮಾನಿಸುವುದು ನಿಮ್ಮ ವಿಶ್ವವಿದ್ಯಾಲಯ. ಹಾಗಾಗಿ ನಿಮ್ಮ ಬ್ಯಾಚಿನ ರೆಗ್ಯುಲೇಷನ್ ಪಿಡಿಎಫ್ ಇಳಿಸಿಕೊಳ್ಳಿ. ನಿಮ್ಮ ಬ್ಯಾಚಿನದ್ದೇ ಆಗಬೇಕು, ಅಕ್ಕನ ಬ್ಯಾಚಿನದ್ದು ಬೇಡ.

ಇಂಜಿನಿಯರಿಂಗ್‌ನವರದ್ದು ಇನ್ನೊಂದು ಲೋಕ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಮಾದರಿ ಪಠ್ಯಕ್ರಮದಲ್ಲಿ ಬಿಟೆಕ್‌ಗೆ 160 ಕ್ರೆಡಿಟ್. ಅದರ ಮೇಲೆ ಇನ್ನೂ 18ರಿಂದ 20 ಕ್ರೆಡಿಟ್ ಹೆಚ್ಚು ಓದಿದರೆ ಮೈನರ್ ಡಿಗ್ರಿ ಅಥವಾ ಆನರ್ಸ್. 'ಮೇಲೆ' ಎಂಬ ಪದಕ್ಕೆ ಗೆರೆ ಎಳೆಯಿರಿ. ಡಿಗ್ರಿಯ ಒಳಗೇ ಬರುವ ಮೈನರ್ ಬೇರೆ, ಡಿಗ್ರಿಯ ಹೊರಗೆ ಹೆಚ್ಚುವರಿಯಾಗಿ ಹೊರುವ ಮೈನರ್ ಬೇರೆ. ಮಣಿಪಾಲದ ಎಂಐಟಿಯಲ್ಲಿ ಮೈನರ್ ಸ್ಪೆಷಲೈಸೇಷನ್ ಅಂದರೆ ಹೇಗೂ ಓದಬೇಕಾದ ಎಲೆಕ್ಟಿವ್‌ಗಳನ್ನು ಒಂದೇ ಗುಂಪಿನಿಂದ ಆರಿಸಿಕೊಳ್ಳುವುದು. ಆ ಕ್ರೆಡಿಟ್ ಡಿಗ್ರಿಯ ಒಳಗೇ ಇರುತ್ತದೆ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿನವರು, ಸುರತ್ಕಲ್ ಎನ್‌ಐಟಿಕೆಯವರು ತಮ್ಮ ತಮ್ಮ ನಿಯಮ ಪುಸ್ತಕದಲ್ಲಿ ಇದು ಯಾವ ಜಾತಿಯದ್ದು ಅಂತ ಮೊದಲು ಹುಡುಕಿ. ಒಂದೇ ಹೆಸರು, ಹೊರೆ ಮಾತ್ರ ಪೂರ್ತಿ ಬೇರೆ.

ನಿಯಮ ಪುಸ್ತಕದಲ್ಲಿ ಕೆಲವು ಸಾಲುಗಳನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಮೈನರ್ ಅಂಕ ಸಿಜಿಪಿಎಗೆ (ಎಲ್ಲ ಸೆಮಿಸ್ಟರ್ ಸೇರಿದ ಸರಾಸರಿ ಗ್ರೇಡ್) ಸೇರುತ್ತದಾ ಇಲ್ವಾ. ಮೈನರ್‌ನ ಒಂದು ಪೇಪರ್ ಫೇಲ್ ಆದರೆ ಡಿಗ್ರಿಯೇ ನಿಲ್ಲುತ್ತದಾ, ಮೈನರ್ ಮಾತ್ರ ಹೋಗುತ್ತದಾ. ಮಧ್ಯದಲ್ಲಿ ಬಿಡಬಹುದಾ, ಬಿಟ್ಟರೆ ಆವರೆಗೆ ಗಳಿಸಿದ ಕ್ರೆಡಿಟ್ ಏನಾಗುತ್ತದೆ. ಸೇರಲು ಇಷ್ಟೇ ಸಿಜಿಪಿಎ ಇರಬೇಕು, ಬ್ಯಾಕ್‌ಲಾಗ್ (ಫೇಲ್ ಆಗಿ ಬಾಕಿ ಉಳಿದ ಪೇಪರ್) ಇರಬಾರದು ಎಂಬ ಷರತ್ತು ಉಂಟಾ. ಸೀಟು ಎಷ್ಟು. ಹೆಚ್ಚುವರಿ ಶುಲ್ಕ ಎಷ್ಟು. ಕೊನೆಗೆ, ಮೈನರ್‌ನ ಹೆಸರು ಪದವಿ ಪ್ರಮಾಣಪತ್ರದಲ್ಲಿ ಬರುತ್ತದಾ, ಬರೀ ಮಾರ್ಕ್ಸ್ ಕಾರ್ಡಿನಲ್ಲಾ, ಅಥವಾ ಬೇರೆ ಸರ್ಟಿಫಿಕೇಟ್ ಕೊಡುತ್ತಾರಾ. ಉತ್ತರ ಸಿಗದಿದ್ದರೆ ಪರೀಕ್ಷಾ ವಿಭಾಗಕ್ಕೆ ಇಮೇಲ್ ಮಾಡಿ. ಬಾಯಿಮಾತಿನಲ್ಲಿ ಕೇಳಿದರೆ 'ಆಗ್ತದೆ ಆಗ್ತದೆ' ಅನ್ನುತ್ತಾರೆ, ಇಮೇಲ್‌ಗೆ ಬರುವ ಉತ್ತರ ಸ್ವಲ್ಪ ಯೋಚನೆ ಮಾಡಿ ಬರೆದದ್ದು ಇರುತ್ತದೆ.

ಆಮೇಲೆ: ಗಂಟೆ ಲೆಕ್ಕ ಹಾಕಿ

ಒಂದು ಕ್ರೆಡಿಟ್ ಅಂದರೆ ಒಂದು ಸೆಮಿಸ್ಟರ್‌ನಲ್ಲಿ 15 ಗಂಟೆ ಪಾಠ. ಲ್ಯಾಬ್ ಆದರೆ 30 ಗಂಟೆ. ಹಾಗಾದರೆ 24 ಕ್ರೆಡಿಟ್ ಮೈನರ್ ಅಂದರೆ ಕ್ಲಾಸಿನಲ್ಲಿ ಕೂರುವುದೇ 360 ಗಂಟೆ. ಮನೆಯಲ್ಲಿ ಓದುವುದು, ಅಸೈನ್‌ಮೆಂಟ್, ಇಂಟರ್ನಲ್ಸ್ ತಯಾರಿ ಇದರಲ್ಲಿ ಸೇರಿಲ್ಲ. ಇಂಜಿನಿಯರಿಂಗ್‌ನ 18 ಕ್ರೆಡಿಟ್ ಆದರೆ 270 ಗಂಟೆ, ಮೂರು ಕ್ರೆಡಿಟ್‌ನ ಪೇಪರ್ ಆದರೆ ಆರು ಪೇಪರ್. ನಾಲ್ಕು ಸೆಮಿಸ್ಟರ್‌ಗೆ ಹಂಚಿದರೆ ಎರಡು ಸೆಮಿಸ್ಟರ್‌ನಲ್ಲಿ ಎರಡೆರಡು ಹೆಚ್ಚುವರಿ ಪೇಪರ್ ಬಂದೇ ಬರುತ್ತದೆ. ಅದು ಪ್ಲೇಸ್‌ಮೆಂಟ್ ತಯಾರಿ ಮಾಡುವ ಸೆಮಿಸ್ಟರ್ ಆಗದ ಹಾಗೆ ಮೊದಲೇ ನೋಡಿಕೊಳ್ಳಿ.

ಈ ಲೆಕ್ಕ ಕಾಗದದ ಮೇಲೆ ಬರೆದಾಗ ಕೆಲವರಿಗೆ ಮಂಡೆಬಿಸಿ ಆಗುತ್ತದೆ, ಕೆಲವರಿಗೆ 'ಇಷ್ಟೇನಾ' ಅನಿಸುತ್ತದೆ. ಎರಡೂ ಒಳ್ಳೇದೇ.

ಯಾಕೆ ಬೇಕು ಅಂತ ಒಂದು ಸಾಲು ಬರೆಯಿರಿ

ಮೈನರ್ ತೆಗೆದುಕೊಳ್ಳಲು ಗಟ್ಟಿ ಕಾರಣ ಮೂರೇ ಅಂತ ನನ್ನ ಲೆಕ್ಕ: ಒಂದು ಬಾಗಿಲು ತೆರೆಯಬೇಕು, ಒಂದು ಕೆಲಸ ಕಲಿಯಬೇಕು, ಅಥವಾ ಆ ವಿಷಯ ಇಷ್ಟ. ಮೂರನೆಯದು ಕಡಿಮೆ ಕಾರಣ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 360 ಗಂಟೆ ಕೂರಲು ಇಷ್ಟಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ.

ಬಾಗಿಲಿನ ವಿಷಯ ಸ್ವಲ್ಪ ವಿವರವಾಗಿ ನೋಡೋಣ, ಯಾಕೆಂದರೆ ತಪ್ಪು ತಿಳುವಳಿಕೆ ಜಾಸ್ತಿ ಇರುವುದು ಇಲ್ಲೇ. ಕೆಲವು ಬಾಗಿಲುಗಳಿಗೆ ನಿಜವಾಗಿ ಒಂದು ವಿಷಯ ಓದಿರಲೇಬೇಕು. ಯುಪಿಎಸ್‌ಸಿ ನಡೆಸುವ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್ ಪರೀಕ್ಷೆ ಬರೆಯಬೇಕಾದರೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇರಬೇಕು, ಇಲ್ಲದಿದ್ದರೆ ಅದರಲ್ಲಿ ಸ್ನಾತಕೋತ್ತರ ಪದವಿ ಇರಬೇಕು. ಇಂಥ ಕಡೆ ಗಣಿತ ಅಥವಾ ಅರ್ಥಶಾಸ್ತ್ರದ ವಿದ್ಯಾರ್ಥಿ ಸ್ಟಾಟಿಸ್ಟಿಕ್ಸ್ ಇಟ್ಟುಕೊಂಡರೆ ಬಾಗಿಲು ತೆರೆಯುವ ದಾರಿ ಸಿಗುತ್ತದೆ. ಶಾಲೆಯಲ್ಲಿ ಪಾಠ ಮಾಡುವ ಆಸೆ ಇದ್ದರೆ ಪದವಿಯಲ್ಲಿ ಯಾವ ವಿಷಯ ಓದಿದ್ದೀರಿ ಎಂಬುದು ಬಿಎಡ್‌ಗೂ ಆಮೇಲೆ ಶಿಕ್ಷಕರ ನೇಮಕಾತಿಗೂ ಲೆಕ್ಕಕ್ಕೆ ಬರುತ್ತದೆ. ಹಳೇ ಅಧಿಸೂಚನೆ ಒಂದನ್ನು ತೆಗೆದು, ಅರ್ಹತೆ ಎಂಬ ಭಾಗವನ್ನು ಅಕ್ಷರ ಅಕ್ಷರ ಓದಿ. ಅಲ್ಲಿ 'ಒಂದು ವಿಷಯವಾಗಿ' ಅಂತ ಇದೆಯಾ, 'ಮೂರೂ ವರ್ಷ' ಅಂತ ಇದೆಯಾ ನೋಡಿ. ಎರಡನೆಯದಾದರೆ ನಾಲ್ಕೇ ಸೆಮಿಸ್ಟರ್ ಓದಿದ ಮೈನರ್ ಸಾಕಾಗದೆ ಹೋಗಬಹುದು.

ಇನ್ನು ಕೆಲವು ಬಾಗಿಲುಗಳು ತೆರೆದೇ ಇವೆ, ನಾವು ಸುಮ್ನೆ ಬೀಗದ ಕೈ ಹುಡುಕುತ್ತೇವೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ, ಐದು ಬ್ಯಾಂಕ್ ಹುಟ್ಟಿದ ಊರು ನಮ್ಮದು. ಹಾಗಾಗಿ ಬ್ಯಾಂಕ್ ಕೆಲಸ ಅಂದರೆ ಕಾಮರ್ಸ್ ಬೇಕು ಎಂಬ ನಂಬಿಕೆ ಇಲ್ಲಿ ಮನೆ ಮನೆಯಲ್ಲೂ ಉಂಟು. ಆದರೆ ಐಬಿಪಿಎಸ್ ಪ್ರೊಬೇಷನರಿ ಆಫೀಸರ್ ಪರೀಕ್ಷೆಗೆ ಯಾವ ಪದವಿಯಾದರೂ ನಡೆಯುತ್ತದೆ. ಭೌತಶಾಸ್ತ್ರ ಓದುವವರು ಅದೊಂದಕ್ಕಾಗಿ ಕಾಮರ್ಸ್ ಮೈನರ್ ಹೊರುವ ಅಗತ್ಯ ಇಲ್ಲ. ಯುಪಿಎಸ್‌ಸಿ ಸಿವಿಲ್ ಸರ್ವಿಸ್‌ನ ಆಪ್ಷನಲ್ ವಿಷಯಕ್ಕೂ ಅಷ್ಟೇ, ಪದವಿಯಲ್ಲಿ ಓದದ ವಿಷಯವನ್ನೂ ಆರಿಸಬಹುದು. ಸಿಎಗೆ ನೇರ ಪ್ರವೇಶ ಬೇಕಾದರೆ ಕಾಮರ್ಸ್ ಪದವೀಧರರಿಗೆ ಶೇಕಡಾ 55, ಬೇರೆಯವರಿಗೆ ಶೇಕಡಾ 60 ಅಂಕ. ಬಿಎಸ್ಸಿಯವರೂ ಹೋಗಬಹುದು ಅಂತ ಆಯಿತು ಅಲ್ವಾ.

ಸೈಕಾಲಜಿ ಮೈನರ್ ಬಗ್ಗೆ ಒಂದು ಮಾತು. ಈಗ ತುಂಬಾ ಜನ ಕೇಳುವುದು ಅದನ್ನೇ. ವಿಷಯ ಒಳ್ಳೆಯದು, ಎಚ್‌ಆರ್ ಕೆಲಸಕ್ಕೆ, ಪಾಠ ಮಾಡುವವರಿಗೆ, ಡಿಸೈನ್‌ಗೆ ಹೋಗುವವರಿಗೆ ಉಪಯೋಗಕ್ಕೆ ಬರುತ್ತದೆ. ಆದರೆ ಮೈನರ್ ಮುಗಿಸಿ ಕೌನ್ಸೆಲಿಂಗ್ ಬೋರ್ಡ್ ಹಾಕಲು ಆಗುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ ಮಾನ್ಯ ಮಾಡಿದ ಕೋರ್ಸ್ ಮತ್ತು ಅಲ್ಲಿ ನೋಂದಣಿ ಬೇಕು. ಅದು ಉದ್ದದ ದಾರಿ. ಆ ದಾರಿಯಲ್ಲೇ ಹೋಗುವವರು ಮೈನರ್ ಬದಲು ಮೇಜರ್ ಅನ್ನೇ ಸೈಕಾಲಜಿ ಮಾಡಿಕೊಳ್ಳಲು ಆಗುತ್ತದಾ ಅಂತ ಮೊದಲೇ ನೋಡಲಿ.

ಎಂಎ, ಎಂಎಸ್ಸಿಗೆ ಮೈನರ್ ವಿಷಯದಲ್ಲೇ ಹೋಗಬಹುದಾ? ಯುಜಿಸಿ ಸ್ನಾತಕೋತ್ತರ ಚೌಕಟ್ಟು ಇದಕ್ಕೆ ಅನುಕೂಲವಾಗಿಯೇ ಇದೆ, ಪ್ರವೇಶ ಪರೀಕ್ಷೆ ಪಾಸಾದರೆ ಬೇರೆ ವಿಷಯಕ್ಕೂ ಹೋಗಲು ಅದು ಜಾಗ ಕೊಡುತ್ತದೆ. ಆದರೆ ಸೀಟು ಕೊಡುವುದು ನೀವು ಅರ್ಜಿ ಹಾಕುವ ವಿಶ್ವವಿದ್ಯಾಲಯ. ನೀವು ಹೋಗಬೇಕೆಂದಿರುವ ಎರಡು ಮೂರು ಕಡೆಯ ಪ್ರಾಸ್ಪೆಕ್ಟಸ್ ತೆಗೆದು ಅರ್ಹತೆಯ ಸಾಲು ನೋಡುವುದು ಅರ್ಧ ಗಂಟೆಯ ಕೆಲಸ, ಆ ಅರ್ಧ ಗಂಟೆಯನ್ನು ಹೆಚ್ಚಿನವರು ಕೊಡುವುದೇ ಇಲ್ಲ.

ಸಿಲಬಸ್ ಓದುವುದು ಹೇಗೆ

ನನ್ನ ಮಟ್ಟಿಗೆ ಇದೇ ಮುಖ್ಯ ಕೆಲಸ. ಪೇಪರ್‌ನ ಹೆಸರು ಸಾಲದು. ಯೂನಿಟ್ ಯೂನಿಟ್ ಆಗಿ ಬಿಡಿಸಿದ ಸಿಲಬಸ್ ಬೇಕು. ನಿಮ್ಮ ವಿಭಾಗದ ವೆಬ್‌ಸೈಟಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಆ ವಿಷಯದ ಎಚ್‌ಒಡಿ ಹತ್ತಿರ ಹೋಗಿ 'ಮೇಡಂ, ಮೈನರ್ ಸಿಲಬಸ್ ಒಂದು ಕೊಡಿ' ಅಂತ ಕೇಳಿ. ಸಾಮಾನ್ಯವಾಗಿ ಖುಷಿಯಿಂದ ಕೊಡುತ್ತಾರೆ, ತಮ್ಮ ವಿಷಯವನ್ನು ಯಾರೋ ಹುಡುಕಿಕೊಂಡು ಬಂದದ್ದು ಅವರಿಗೂ ಹೊಸದು.

ಮೊದಲ ಓದಿನಲ್ಲಿ ಸರಪಳಿ ಹುಡುಕಿ. ಯಾವ ಪೇಪರ್‌ಗೆ ಮೊದಲು ಯಾವುದು ಗೊತ್ತಿರಬೇಕು? ಮೆಕ್ಯಾನಿಕಲ್ ಓದುವ ಹುಡುಗಿಯೊಬ್ಬಳು ಮೆಷಿನ್ ಲರ್ನಿಂಗ್ ಮೈನರ್ ನೋಡುತ್ತಿದ್ದಾಳೆ ಅಂತ ಇಟ್ಟುಕೊಳ್ಳಿ. ನಾಲ್ಕನೇ ಪೇಪರ್ ಡೀಪ್ ಲರ್ನಿಂಗ್, ಅವಳ ಆಸೆ ಎಲ್ಲ ಅದರ ಮೇಲೆ. ಆದರೆ ಅದರ ಹಿಂದೆ ಮೆಷಿನ್ ಲರ್ನಿಂಗ್, ಅದರ ಹಿಂದೆ ಪ್ರಾಬಬಿಲಿಟಿ, ಅದರ ಜೊತೆ ಡೇಟಾ ಸ್ಟ್ರಕ್ಚರ್ಸ್. ಮೊದಲ ವರ್ಷದ ಗಣಿತದಲ್ಲಿ ಅವಳಿಗೆ ಮ್ಯಾಟ್ರಿಕ್ಸ್ ಭಾಗ ಸಲೀಸಾಗಿ ಹೋಗಿತ್ತು ಅಂದರೆ ಸರಿ, ಹೋಗಬಹುದು. ಅದನ್ನೇ ಚಾಯ್ಸ್‌ನಲ್ಲಿ ಬಿಟ್ಟು ಪಾಸಾಗಿದ್ದರೆ ಆಸೆಯ ಪೇಪರ್ ತಲುಪುವ ಮೊದಲು ಮೂರು ಸೆಮಿಸ್ಟರ್ ಕಷ್ಟ ಪಡಬೇಕು. ಕಷ್ಟ ಪಡಬಾರದು ಅಂತ ನಾನು ಹೇಳುತ್ತಿಲ್ಲ, ಗೊತ್ತಿದ್ದು ಹೋಗಿ ಅಂತ ಮಾತ್ರ. ಬೇಕಾದರೆ ರಜೆಯಲ್ಲಿ ಮೊದಲ ವರ್ಷದ ಆ ಎರಡು ಅಧ್ಯಾಯ ಮತ್ತೆ ಮಾಡಿಕೊಂಡು ಹೋಗಲಿ.

ಎರಡನೇ ಓದಿನಲ್ಲಿ ಮೇಜರ್ ಜೊತೆ ಇಟ್ಟು ನೋಡಿ. ಎರಡರಲ್ಲೂ ಅದೇ ಅದೇ ಯೂನಿಟ್ ಬರುತ್ತಿದ್ದರೆ ಕೆಲಸ ಸುಲಭ, ಆದರೆ ಹೊಸದು ಕಲಿತದ್ದು ಕಡಿಮೆ. ಬಿಕಾಂನವರು ಫೈನಾನ್ಸ್ ಹೆಸರಿನ ಮೈನರ್ ತೆಗೆದುಕೊಂಡಾಗ ಹೀಗೆ ಆಗುವುದುಂಟು, ಅರ್ಧ ಮೈನರ್ ಅವರ ಮೇಜರ್‌ನಲ್ಲೇ ಇರುತ್ತದೆ. ಎರಡಕ್ಕೂ ಏನೇನೂ ಸಂಬಂಧ ಇಲ್ಲದಿದ್ದರೆ ಅದೂ ತಪ್ಪಲ್ಲ, ಆದರೆ ಇಂಟರ್‌ವ್ಯೂನಲ್ಲಿ 'ರಸಾಯನಶಾಸ್ತ್ರದ ಜೊತೆ ಪತ್ರಿಕೋದ್ಯಮ ಯಾಕೆ' ಅಂತ ಕೇಳಿಯೇ ಕೇಳುತ್ತಾರೆ, ಉತ್ತರ ಇಟ್ಟುಕೊಂಡಿರಿ. 'ವಿಜ್ಞಾನದ ಸುದ್ದಿ ಬರೆಯಬೇಕು, ಕಾರ್ಖಾನೆ ಮಾಲಿನ್ಯದ ವರದಿ ಓದಿದರೆ ಅರ್ಥ ಆಗಬೇಕು' ಎಂಬುದು ಚಂದದ ಉತ್ತರ. ಪಣಂಬೂರು, ಬೈಕಂಪಾಡಿ ಕಡೆ ಬಂದರು, ಎಂಆರ್‌ಪಿಎಲ್, ರಸಗೊಬ್ಬರ ಕಾರ್ಖಾನೆ ಎಲ್ಲ ಇರುವ ಊರಿನಲ್ಲಿ ಅದು ಬರೀ ಬಾಯಿಮಾತೂ ಅಲ್ಲ.

ಮೂರನೇ ಓದಿನಲ್ಲಿ ಅಂಕ ಹೇಗೆ ಕೊಡುತ್ತಾರೆ ನೋಡಿ. ಬರೆಯುವ ಪರೀಕ್ಷೆ ಎಷ್ಟು, ಪ್ರಾಜೆಕ್ಟ್ ಎಷ್ಟು, ಫೀಲ್ಡ್ ವರ್ಕ್ ಉಂಟಾ. ಬಾಯಿಪಾಠದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡುವವರು ಪ್ರಾಜೆಕ್ಟ್ ತುಂಬಿದ ಮೈನರ್‌ನಲ್ಲಿ ತಡವರಿಸುತ್ತಾರೆ, ಇದಕ್ಕೆ ಉಲ್ಟಾ ಜನವೂ ಇದ್ದಾರೆ. ನೀವು ಯಾವ ಗುಂಪು ಅಂತ ನಿಮಗೆ ಗೊತ್ತು.

ಕೊನೆಗೆ ಒಂದು ಪರೀಕ್ಷೆ ಮಾಡಿ. ಆ ಮೈನರ್‌ನ ಮೊದಲ ಪೇಪರ್‌ಗೆ ಸರಿಹೊಂದುವ ಪಾಠ ಎನ್‌ಪಿಟಿಇಎಲ್ ಅಥವಾ ಸ್ವಯಂ ಎಂಬ ಆನ್‌ಲೈನ್ ಪಾಠದ ತಾಣಗಳಲ್ಲಿ ಹುಡುಕಿ, ಒಂದು ವಾರದ ವಿಡಿಯೊ ಪೂರ್ತಿ ನೋಡಿ, ಅಸೈನ್‌ಮೆಂಟ್ ಮಾಡಿ. ಪಾಠ ನೋಡಲು ದುಡ್ಡು ಬೇಡ. ಮೊದಲ ಅಸೈನ್‌ಮೆಂಟ್ ಮಾಡುವಾಗಲೇ ಮೊಬೈಲ್ ಕಡೆ ಕೈ ಹೋಗುತ್ತಿದೆಯಾ, ಅಥವಾ ಉತ್ತರ ತಪ್ಪಾದಾಗ ಯಾಕೆ ತಪ್ಪಾಯಿತು ಅಂತ ತಿಳಿಯುವ ಹಟ ಬರುತ್ತಿದೆಯಾ? ಯಾವ ಆಪ್ಟಿಟ್ಯೂಡ್ ಟೆಸ್ಟ್‌ಗಿಂತಲೂ ಇದು ಸರಿಯಾಗಿ ಹೇಳುತ್ತದೆ.

ಯಾರ ಹತ್ತಿರ ಎಂತ ಕೇಳುವುದು

'ಈ ಮೈನರ್ ಹೇಗೆ?' ಅಂತ ಕೇಳಿದರೆ 'ಒಳ್ಳೇದುಂಟು' ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಸೀನಿಯರ್‌ಗಳ ಹತ್ತಿರ ಕೇಳಬೇಕಾದ್ದು ಸಣ್ಣ ಸಣ್ಣ ವಿಷಯ. ಯಾವ ಪೇಪರ್‌ನಲ್ಲಿ ಜಾಸ್ತಿ ಜನ ಬಿದ್ದರು? ಕಳೆದ ವರ್ಷ ಕ್ಲಾಸ್ ನಿಜವಾಗಿ ನಡೆಯಿತಾ, ಪಿಡಿಎಫ್ ಕಳಿಸಿ ಮುಗಿಸಿದರಾ? ಸೇರುವಾಗ ಎಷ್ಟು ಜನ ಇದ್ದಿರಿ, ಮುಗಿಸುವಾಗ ಎಷ್ಟು? ಮಧ್ಯದಲ್ಲಿ ಬಿಟ್ಟವರ ಫೋನ್ ನಂಬರ್ ಕೊಡಿ ಅಂತ ಕೇಳಿ, ಮುಗಿಸಿದವರಿಗಿಂತ ಬಿಟ್ಟವರ ಹತ್ತಿರ ವಿಷಯ ಹೆಚ್ಚು ಇರುತ್ತದೆ.

ಲೆಕ್ಚರರ್ ಹತ್ತಿರ ಕೇಳುವ ಪ್ರಶ್ನೆ ಬೇರೆ. 'ಸರ್, ಮುಂದಿನ ವರ್ಷ ಈ ಪೇಪರ್ ಯಾರು ತೆಗೆದುಕೊಳ್ಳುತ್ತಾರೆ?' ಅಂತ ಧೈರ್ಯವಾಗಿ ಕೇಳಿ. ಖಾಯಂ ಅಧ್ಯಾಪಕರಾ, ಅತಿಥಿ ಉಪನ್ಯಾಸಕರಾ ಎಂಬುದು ಗುಣಮಟ್ಟದ ಪ್ರಶ್ನೆ ಅಲ್ಲ, ಎಷ್ಟೋ ಅತಿಥಿ ಉಪನ್ಯಾಸಕರು ಅದ್ಭುತವಾಗಿ ಪಾಠ ಮಾಡುತ್ತಾರೆ. ಆದರೆ ನೇಮಕ ತಡವಾದರೆ ಸೆಮಿಸ್ಟರ್‌ನ ಮೊದಲ ವಾರಗಳು ಖಾಲಿ ಹೋಗುವುದು ಮೈನರ್ ಪೇಪರ್‌ಗೇ. ಇನ್ನೊಂದು ಪ್ರಶ್ನೆ: 'ಕಡಿಮೆ ಜನ ಸೇರಿದರೆ ಮೈನರ್ ನಡೆಸುತ್ತೀರಾ?' ಪಟ್ಟಿಯಲ್ಲಿ ಹತ್ತು ಮೈನರ್ ಇದ್ದು ನಿಜವಾಗಿ ನಡೆಯುವುದು ಮೂರು ನಾಲ್ಕು ಆಗಿದ್ದರೆ ಎರಡನೇ ಆಯ್ಕೆಯನ್ನೂ ಗಟ್ಟಿಯಾಗಿ ಯೋಚಿಸಿಡಬೇಕು.

ಪ್ಲೇಸ್‌ಮೆಂಟ್ ಸೆಲ್‌ನವರ ಹತ್ತಿರ ಒಂದೇ ಪ್ರಶ್ನೆ ಸಾಕು. ಕಂಪನಿಗಳು ಅರ್ಜಿ ಕರೆಯುವಾಗ ಬ್ರಾಂಚ್ ನೋಡಿ ಜರಡಿ ಹಿಡಿಯುತ್ತವಾ, ಮೈನರ್ ಅನ್ನೂ ನೋಡುತ್ತವಾ? ಬ್ರಾಂಚ್ ಮಾತ್ರ ನೋಡುವ ಕಡೆ ಮೈನರ್ ಸರ್ಟಿಫಿಕೇಟ್‌ಗಿಂತ ಅದರಲ್ಲಿ ಮಾಡಿದ ಪ್ರಾಜೆಕ್ಟ್ ನಿಮ್ಮನ್ನು ಕಾಪಾಡುತ್ತದೆ.

ಮನೆಯವರ ಜೊತೆ ಮಾತಾಡುವಾಗ ಸಿಲಬಸ್ ಹಾಳೆ ಕೈಯಲ್ಲಿ ಇರಲಿ. ಅಪ್ಪ ಅಮ್ಮನಿಗೆ ಹೆದರಿಕೆ ಇರುವುದು ನೀವು ಯೋಚಿಸದೆ ಸೇರುತ್ತೀರಿ ಅಂತ. ಹಾಳೆ ನೋಡಿದರೆ ಅರ್ಧ ಹೆದರಿಕೆ ಹೋಗುತ್ತದೆ. ದೊಡ್ಡಪ್ಪನ ವಿಷಯ ನಾನು ಹೇಳಲಾರೆ.

ಟೈಮ್‌ಟೇಬಲ್, ಬಸ್ಸು, ಮಳೆ

ಮೈನರ್ ಕ್ಲಾಸ್ ಎಲ್ಲಿ ಬಂದು ಕೂರುತ್ತದೆ? ಹಲವು ಕಡೆ ಬೇರೆ ಬೇರೆ ವಿಭಾಗದ ಮಕ್ಕಳನ್ನು ಒಟ್ಟಿಗೆ ಸೇರಿಸಬೇಕಾದ್ದರಿಂದ ಬೆಳಿಗ್ಗೆ ಎಲ್ಲರಿಗಿಂತ ಮೊದಲು, ಸಂಜೆ ಎಲ್ಲರ ನಂತರ, ಅಥವಾ ಶನಿವಾರ. ಹಾಸ್ಟೆಲ್‌ನವರಿಗೆ ಇದೊಂದು ಸಮಸ್ಯೆಯೇ ಅಲ್ಲ. ಆದರೆ ಕಾರ್ಕಳದಿಂದ ಮಣಿಪಾಲಕ್ಕೆ, ಪುತ್ತೂರಿನಿಂದ ಮಂಗಳೂರಿಗೆ, ಕುಂದಾಪುರದಿಂದ ಉಡುಪಿಗೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಸಂಜೆಯ ಒಂದು ಗಂಟೆ ಕ್ಲಾಸ್ ಅಂದರೆ ಮನೆ ತಲುಪುವಾಗ ಎರಡು ಗಂಟೆ ತಡ. ಎಕ್ಸ್‌ಪ್ರೆಸ್ ಬಸ್ಸು ಇಳಿದ ಮೇಲೆ ಊರ ಒಳಗೆ ಹೋಗುವ ಸರ್ವಿಸ್ ಬಸ್ಸು ಎಷ್ಟು ಗಂಟೆಯವರೆಗೆ ಉಂಟು ಎಂಬುದು ನಿಮ್ಮ ಮೈನರ್ ತೀರ್ಮಾನ ಮಾಡುವ ವಿಷಯ ಆಗಬಾರದಿತ್ತು, ಆದರೆ ಆಗುತ್ತದೆ. ಒಂದು ವಾರ ಆ ಹೊತ್ತಿಗೆ ಲೈಬ್ರರಿಯಲ್ಲಿ ಕೂತು, ಆ ಬಸ್ಸಿನಲ್ಲೇ ಹೋಗಿ ನೋಡಿ. ಮನೆಗೆ ಹೋಗಿ ಪುಸ್ತಕ ಬಿಡಿಸುವಷ್ಟು ಜೀವ ಉಳಿದಿರುತ್ತದಾ ಅಂತ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಡಿಸಿ ರಜೆ ಕೊಟ್ಟಾಗ ಖುಷಿ ಪಡುವವರಲ್ಲಿ ನಾನೂ ಒಬ್ಬ. ಆದರೆ ತಪ್ಪಿದ ಪಾಠ ತುಂಬಿಸಲು ಶನಿವಾರ ಕ್ಲಾಸ್ ಇಟ್ಟರೆ ಶನಿವಾರದ ಮೈನರ್ ಕ್ಲಾಸ್‌ಗೇ ಡಿಕ್ಕಿ. ಶನಿವಾರ ಮೈನರ್ ಇಡುವ ಕಾಲೇಜಾದರೆ ಜುಲೈ ತಿಂಗಳಲ್ಲಿ ಏನು ಮಾಡುತ್ತಾರೆ ಅಂತ ಸೀನಿಯರ್‌ಗಳನ್ನು ಕೇಳಿ. ಪಾರ್ಟ್ ಟೈಮ್ ಕೆಲಸ ಮಾಡುವವರು, ಯಕ್ಷಗಾನ ಮೇಳದ ಜೊತೆ ಹೋಗುವವರು, ಕಾಲೇಜು ಟೀಮಿನಲ್ಲಿ ಆಡುವವರು ವಾರದ ಚಾರ್ಟ್ ಬರೆದು ಮೈನರ್ ಗಂಟೆಗಳನ್ನು ಬೇರೆ ಬಣ್ಣದಲ್ಲಿ ತುಂಬಿಸಿ. ನಿದ್ದೆಯ ಮೇಲೆ ಬಣ್ಣ ಬಿತ್ತಾ? ಹಾಗಾದರೆ ಏನೋ ಒಂದು ಬಿಡಬೇಕು.

ನಮ್ಮ ಕಡೆಗೆ ಹೊಂದುವ ಕೆಲವು ಜೋಡಿ

ಇದು ಪಟ್ಟಿ ಅಲ್ಲ, ನನ್ನ ಇಷ್ಟ ಅಷ್ಟೇ. ಪ್ರಾಣಿಶಾಸ್ತ್ರ ಓದುವವರಿಗೆ ಅರ್ಥಶಾಸ್ತ್ರ ಅಥವಾ ಸ್ಟಾಟಿಸ್ಟಿಕ್ಸ್ ಸಿಕ್ಕಿದರೆ ಮಲ್ಪೆ ಬಂದರಿನ ಮೀನುಗಾರಿಕೆಯೇ ಒಂದು ಜೀವಂತ ಪ್ರಾಜೆಕ್ಟ್. ಮೀನಿನ ಪ್ರಮಾಣ, ಡೀಸೆಲ್ ಖರ್ಚು, ಮಳೆಗಾಲದ ಮೀನುಗಾರಿಕೆ ನಿಷೇಧ ಎಲ್ಲ ಅಲ್ಲೇ ಇದೆ. ಕನ್ನಡ ಅಥವಾ ಇತಿಹಾಸದವರಿಗೆ ಕಂಪ್ಯೂಟರ್ ಅಪ್ಲಿಕೇಷನ್ ಮೈನರ್ ಕೊಟ್ಟರೆ ತುಳು, ಕೊಂಕಣಿ, ಬ್ಯಾರಿ ಭಾಷೆಯ ದಾಖಲೆಗಳನ್ನು ಡಿಜಿಟಲ್ ಮಾಡುವ ಕೆಲಸಕ್ಕೆ ಕೈ ಹಾಕಬಹುದು, ಆ ಕೆಲಸ ಬೇಕಾದಷ್ಟು ಬಾಕಿ ಉಂಟು. ಕಂಪ್ಯೂಟರ್ ಸೈನ್ಸ್‌ನವರು ಇನ್ನೊಂದು ಕಂಪ್ಯೂಟರ್ ಮೈನರ್ ತೆಗೆದುಕೊಳ್ಳುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ನಾಲ್ಕು ವರ್ಷ ಅದೇ ಓದುತ್ತೀರಿ, ಸ್ವಲ್ಪ ಅರ್ಥಶಾಸ್ತ್ರ, ಸ್ವಲ್ಪ ಮನಃಶಾಸ್ತ್ರ, ಒಂದು ವಿದೇಶಿ ಭಾಷೆ ಏನಾದರೂ ನೋಡಿ. ಆಸ್ಪತ್ರೆಗಳೇ ತುಂಬಿರುವ ಊರಿನಲ್ಲಿ ಮ್ಯಾನೇಜ್‌ಮೆಂಟ್ ಓದುವವರಿಗೆ ಆರೋಗ್ಯ ಕ್ಷೇತ್ರದ ಪೇಪರ್‌ಗಳು ಸಿಕ್ಕಿದರೆ ಇಂಟರ್ನ್‌ಶಿಪ್‌ಗೆ ದೂರ ಹೋಗಬೇಕಿಲ್ಲ.

ಮೈನರ್ ಬೇಡ ಅನಿಸಿದರೆ

ಬೇಡ ಅನ್ನುವುದೂ ಒಂದು ಆಯ್ಕೆ, ಹೆಚ್ಚುವರಿ ಕ್ರೆಡಿಟ್ ಹೊರಬೇಕಾದ ಇಂಜಿನಿಯರಿಂಗ್‌ನವರಿಗೆ ಮುಖ್ಯವಾಗಿ. ಮೇಜರ್‌ನಲ್ಲಿ ಈಗಾಗಲೇ ಬ್ಯಾಕ್‌ಲಾಗ್ ಇದ್ದರೆ ಮೊದಲು ಅದನ್ನು ಮುಗಿಸಿ, ಮೈನರ್ ಎಲ್ಲೂ ಓಡಿ ಹೋಗುವುದಿಲ್ಲ. ಒಂದೇ ಒಂದು ಕೌಶಲ ಬೇಕಾದರೆ ಎನ್‌ಪಿಟಿಇಎಲ್‌ನಲ್ಲಿ ಒಂದು ಕೋರ್ಸ್ ಸಾಕು. 4, 8, 12 ವಾರದ ಕೋರ್ಸ್‌ಗಳಿವೆ. ಅಂತಿಮ ಅಂಕದಲ್ಲಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಾದರೆ ಮಾತ್ರ ಶುಲ್ಕ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸ್‌ಗಳಲ್ಲಿ ಶೇಕಡಾ 40ರವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು, ಆದರೆ ನಿಮ್ಮ ಕಾಲೇಜು ಆ ಕೋರ್ಸ್ ಅನ್ನು ಒಪ್ಪುತ್ತದಾ ಅಂತ ಸೇರುವ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಎರಡು ಪದವಿಯನ್ನು ಒಟ್ಟಿಗೆ ಮಾಡಲು 2022ರಿಂದ ಯುಜಿಸಿ ಅವಕಾಶ ಇದೆ. ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್‌ಗೆ ಹೋಗುವವರು ಅದರ ಬಲದಲ್ಲೇ ಹೋಗುತ್ತಾರೆ. ಅದು ಮೈನರ್‌ಗಿಂತ ಎಷ್ಟೋ ಪಾಲು ಭಾರ, ಉತ್ಸಾಹದಲ್ಲಿ ಎರಡನ್ನೂ ಹೊರಬೇಡಿ.

ಫಾರ್ಮ್ ತುಂಬುವ ದಿನ

ಒಂದನೇ ಆಯ್ಕೆ, ಎರಡನೇ ಆಯ್ಕೆ ಎರಡನ್ನೂ ಮನೆಯಲ್ಲೇ ಬರೆದುಕೊಂಡು ಹೋಗಿ. ಕೌಂಟರ್ ಮುಂದೆ ಫ್ರೆಂಡ್ಸ್ ಏನು ಬರೆದರು ಅಂತ ಇಣುಕಿದರೆ ಮನಸ್ಸು ಬದಲಾಗುತ್ತದೆ. ಜೊತೆಗಾರರು ಇದ್ದಾರೆ ಅಂತ ಮೈನರ್ ತೆಗೆದುಕೊಂಡರೆ ಇಂಟರ್ನಲ್ಸ್ ಹೊತ್ತಿಗೆ ಜೊತೆಗಾರರು ಇರುತ್ತಾರೆ, ನೋಟ್ಸ್ ಇರುವುದಿಲ್ಲ. ಸಲ್ಲಿಸಿದ ಫಾರ್ಮ್‌ನ ಫೋಟೋ ತೆಗೆದಿಡಿ. ಆನ್‌ಲೈನ್ ಆದರೆ ಸ್ಕ್ರೀನ್‌ಶಾಟ್, ಶುಲ್ಕ ಕಟ್ಟಿದರೆ ರಸೀದಿ.

ಕ್ಲಾಸ್ ಶುರುವಾದ ಮೇಲೆ ಮೊದಲ ಎರಡು ವಾರ ಗಮನ ಇಟ್ಟು ನೋಡಿ. ಸಿಲಬಸ್ ಹಾಳೆಯಲ್ಲಿ ಓದಿದ್ದು ಒಂದು, ಕ್ಲಾಸ್‌ನಲ್ಲಿ ನಡೆಯುವುದು ಇನ್ನೊಂದು ಆದರೆ ಬದಲಿಸಲು ಅವಕಾಶ ಇರುವುದು ಆಗಲೇ. ಬದಲಾವಣೆಗೆ ಕೊನೆಯ ದಿನಾಂಕ ಯಾವುದು ಅಂತ ಮೊಬೈಲಿನಲ್ಲಿ ಅಲಾರಂ ಇಡಿ, ನೋಟೀಸ್ ಬೋರ್ಡ್ ನಂಬಿ ಕೂರಬೇಡಿ.

ಅಪಾರ್ ಐಡಿ ಮಾಡಿಸಿಲ್ಲದಿದ್ದರೆ ಈಗಲೇ ಮಾಡಿಸಿ, ವಿದ್ಯಾರ್ಥಿಯ 12 ಅಂಕಿಯ ಗುರುತಿನ ಸಂಖ್ಯೆ ಅದು. ಡಿಜಿಲಾಕರ್‌ನಲ್ಲಿ ಸಿಗುತ್ತದೆ. ನಿಮ್ಮ ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ ಜಮಾ ಆಗುವುದು ಆ ಸಂಖ್ಯೆಯ ಮೇಲೆ, ಜಮಾ ಆದದ್ದು ಗರಿಷ್ಠ ಏಳು ವರ್ಷ ಉಳಿಯುತ್ತದೆ. ಫಲಿತಾಂಶ ಬಂದ ಮೇಲೆ ಪ್ರತಿ ಸೆಮಿಸ್ಟರ್ ಒಳಗೆ ಹೋಗಿ ನೋಡಿ, ಮೈನರ್ ಪೇಪರ್ ಮೈನರ್ ಎಂಬ ಹೆಸರಿನಲ್ಲೇ ಕೂತಿದೆಯಾ, ಓಪನ್ ಎಲೆಕ್ಟಿವ್ ಅಂತ ಎಲ್ಲೋ ಸೇರಿಕೊಂಡಿದೆಯಾ ಅಂತ. ತಪ್ಪಿದ್ದರೆ ಆ ಸೆಮಿಸ್ಟರ್‌ನಲ್ಲೇ ಪರೀಕ್ಷಾ ವಿಭಾಗಕ್ಕೆ ಬರೆದು ಸರಿ ಮಾಡಿಸಿಕೊಳ್ಳಿ. ಕೊನೆಯ ವರ್ಷ ಪ್ರೊವಿಷನಲ್ ಸರ್ಟಿಫಿಕೇಟ್‌ಗೆ ಓಡಾಡುವಾಗ ಇದನ್ನು ತೆಗೆದುಕೊಂಡು ಹೋದರೆ ಹಳೇ ಫೈಲ್ ಹುಡುಕಲು ಅಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.